ಅಂಗೈಗೆ ಆಗಿಬಂದ ಟ್ಯೂಬು ತೋಳಿಗೆ ಯಾಕೆ ಆಗಲಿಲ್ಲ?

ಬೆಳಗಿನ ಹೊತ್ತು ಡೇರಿ ಮುಂದೆ ಸಾಲು ನಿಂತ ನಮ್ಮ ಹೆಂಗಸರ ಕೈಗಳನ್ನು ಒಮ್ಮೆ ಗಮನಿಸಿ ನೋಡಿ. ಬಿರುಕು ಬಿಟ್ಟ ಬೆರಳುಗಳು, ಗೆಣ್ಣಿನ ಹತ್ತಿರ ಸಿಪ್ಪೆ ಎದ್ದ ಚರ್ಮ, ಕೆಂಪಾಗಿ ಒರಟಾದ ಅಂಗೈ. ಫ್ಯಾಟು ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಬಂತು ಎಂದು ಎಲ್ಲರೂ ಕೇಳುತ್ತೇವೆ. ಕೈ ಹೇಗಿದೆ ಎಂದು ಯಾರೂ ಕೇಳುವುದಿಲ್ಲ.

ಹೋದ ವರ್ಷ ಒಂದು ಮಹಿಳಾ ಸಂಘದ ಸಭೆ ಮುಗಿದ ಮೇಲೆ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಸೆರಗು ಸರಿಸಿ ತೋಳು ತೋರಿಸಿದರು. ಮೊಣಕೈ ಕೆಳಗಿನಿಂದ ಮುಂಗೈವರೆಗೆ ಕಂದು ಬಣ್ಣದ ಮಚ್ಚೆ, ಅಲ್ಲಲ್ಲಿ ಸಣ್ಣ ಗುಳ್ಳೆ.

"ಎಂಟು ತಿಂಗಳಾಯ್ತು ಮೇಡಂ. ಹಚ್ಚಿದ್ರೆ ಹೋಗ್ತದೆ, ಬಿಟ್ರೆ ಬರ್ತದೆ. ಅದೇ ಟ್ಯೂಬು ಅಂಗೈಗೆ ಹಚ್ಚಿದ್ದಾಗ ಹತ್ತು ದಿನಕ್ಕೆ ವಾಸಿಯಾಗಿತ್ತು. ಇದಕ್ಕೆ ಯಾಕೆ ಆಗ್ತಿಲ್ಲ?"

ಕೇಳಬೇಕಾದ ಪ್ರಶ್ನೆಯೇ ಅದು. ಅವರ ಕಥೆ ಹೀಗಿತ್ತು. ಅಂಗೈ ಒಡೆದು ತುರಿಕೆ ಬಂದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಟ್ಯೂಬು ಬರೆದುಕೊಟ್ಟಿದ್ದರು. ಕೈ ವಾಸಿಯಾಯಿತು, ಉಳಿದ ಟ್ಯೂಬು ದೇವರ ಗೂಡಿನ ಪಕ್ಕ ಕೂತಿತು. ಎರಡು ತಿಂಗಳಾದ ಮೇಲೆ ತೋಳಿನ ಮೇಲೆ ಎಂಟಾಣೆ ಅಗಲದ ಉಂಗುರ ಎದ್ದಿತು. ಇದ್ದ ಟ್ಯೂಬನ್ನೇ ಹಚ್ಚಿದರು. ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟ ವಾರಕ್ಕೆ ಉಂಗುರ ಇನ್ನೂ ದೊಡ್ಡದಾಗಿ ಬಂತು. ಖಾಲಿ ಟ್ಯೂಬು ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಇನ್ನೊಂದು ತಂದರು, ಆಮೇಲೆ ಮತ್ತೊಂದು. ಅಷ್ಟರಲ್ಲಿ ಮಗಳ ಕೆನ್ನೆ ಮೇಲೂ ಒಂದು ಉಂಗುರ. ಅಲ್ಲಿಗೂ ಅದೇ ಟ್ಯೂಬು.

ಕೊಟ್ಟಿಗೆಗೆ ಹೋಗಿ ನೋಡಿದರೆ ಒಂದು ಕರು. ಕಣ್ಣ ಸುತ್ತ, ಕಿವಿಯ ಬುಡದಲ್ಲಿ ಬೂದಿ ಬಳಿದಂತೆ ಬಿಳಿ ಚಕ್ಕೆ, ಆ ಜಾಗದಲ್ಲಿ ಕೂದಲು ಉದುರಿದೆ. ಹುಳುಕಡ್ಡಿ. ಕರುವನ್ನು ತಬ್ಬಿ ಹಿಡಿದು ಹಾಲಿಗೆ ಬಿಡುವುದು ತಾಯಿ, ಮುದ್ದಾಡಿ ಮುಖಕ್ಕೆ ಮುಖ ಕೊಡುವುದು ಮಗಳು. ಅಮ್ಮನ ತೋಳಿಗೂ ಮಗಳ ಕೆನ್ನೆಗೂ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ.

ಆ ಟ್ಯೂಬಿನಲ್ಲಿ ಇದ್ದದ್ದು ಸ್ಟಿರಾಯ್ಡ್. ಮೈಕಟ್ಟು ಬೆಳೆಸಲು ಕೆಲವರು ಚುಚ್ಚಿಸಿಕೊಳ್ಳುವ ಸ್ಟಿರಾಯ್ಡ್ ಬೇರೆ, ಇದು ಬೇರೆ. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ತಾನೇ ತಯಾರಿಸುವ ಕಾರ್ಟಿಸಾಲ್ ಎಂಬ ರಸದ ಜಾತಿಯದು. ಅಮೆರಿಕದ ಚರ್ಮವೈದ್ಯರಾದ ಸಲ್ಜ್‌ಬರ್ಗರ್ ಮತ್ತು ವಿಟನ್ 1952ರಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮು ಹಚ್ಚಿದರೆ ಇಸುಬು ಇಳಿಯುತ್ತದೆಂದು ತೋರಿಸಿದರು. ಅಲ್ಲಿಯವರೆಗೆ ಟಾರು, ಗಂಧಕ ಹಚ್ಚಿಕೊಂಡು ಕೆರೆದುಕೊಳ್ಳುತ್ತಿದ್ದವರಿಗೆ ಅದು ದೊಡ್ಡ ವರವೇ ಆಯಿತು. ಇವತ್ತಿಗೂ ಇಸುಬು, ಸೋರಿಯಾಸಿಸ್, ಅಲರ್ಜಿಯ ಉರಿಗೆ ವೈದ್ಯರು ಮೊದಲು ಬರೆಯುವುದು ಇದನ್ನೇ.

ಇದು ಕೆಲಸ ಮಾಡುವ ರೀತಿ ತಿಳಿದರೆ ತೋಳಿನ ಕಥೆಯೂ ತಿಳಿಯುತ್ತದೆ. ಚರ್ಮದಲ್ಲಿ ನಮ್ಮ ದೇಹದ ಕಾವಲುಪಡೆ ಇದೆ, ಮನೆಯ ನಾಯಿ ಇದ್ದಂತೆ. ಇಸುಬಿನಲ್ಲಿ ಆ ನಾಯಿ ಕಳ್ಳನಿಲ್ಲದೆ ಬೊಗಳುತ್ತಿರುತ್ತದೆ. ಸೋಪು, ಸೋಡಾ, ಬೂಸಾ ದೂಳು ಕಂಡರೂ ಎಗರುತ್ತದೆ. ಆ ಗಲಾಟೆಯೇ ಕೆಂಪು, ಊತ, ತುರಿಕೆ. ಸ್ಟಿರಾಯ್ಡ್ ನಾಯಿಯನ್ನು ಸುಮ್ಮನಾಗಿಸುತ್ತದೆ, ಚರ್ಮ ಕೂಡಿಕೊಳ್ಳುತ್ತದೆ. ಹುಳುಕಡ್ಡಿಯಲ್ಲಾದರೆ ಕಳ್ಳ ನಿಜವಾಗಿಯೂ ಒಳಗಿದ್ದಾನೆ. ಅದು ಒಂದು ಜಾತಿಯ ಬೂಷ್ಟು, ಶಿಲೀಂಧ್ರ. ಆಗ ನಾಯಿಯನ್ನು ಕಟ್ಟಿಹಾಕಿದರೆ ಬೊಗಳುವುದು ನಿಲ್ಲುತ್ತದೆ, ಅಂದರೆ ತುರಿಕೆ ನಿಲ್ಲುತ್ತದೆ. ಕಳ್ಳ ಮಾತ್ರ ಹಾಯಾಗಿ ಮನೆ ತುಂಬ ಓಡಾಡುತ್ತಾನೆ. ಉಂಗುರದ ಅಂಚು ಮಾಸಿ, ಹುಳುಕಡ್ಡಿಯೆಂದು ಗುರುತು ಸಿಗದಂತಾಗಿ, ಸುತ್ತ ಹರಡುತ್ತದೆ. ಇಂಥದ್ದನ್ನು ನೋಡಿದ ಹೊಸ ವೈದ್ಯರೂ ಒಮ್ಮೊಮ್ಮೆ ಇಸುಬೆಂದೇ ತಿಳಿಯುವುದುಂಟು.

ಹಾಗಾದರೆ ಯಾವುದು ಯಾವುದೆಂದು ನಮಗೆ ತಿಳಿಯುವುದು ಹೇಗೆ? ಪೂರ್ತಿ ತಿಳಿಯುವುದಿಲ್ಲ, ಅದಕ್ಕೇ ಒಮ್ಮೆಯಾದರೂ ವೈದ್ಯರಿಗೆ ತೋರಿಸಬೇಕು. ಆದರೂ ಕೆಲವು ಸುಳಿವುಗಳಿವೆ. ಕೆಲಸದಿಂದ ಬರುವ ಇಸುಬು ಸಾಮಾನ್ಯವಾಗಿ ಎರಡೂ ಕೈಗೆ ಬರುತ್ತದೆ, ಇಲ್ಲಿಂದ ಇಲ್ಲಿಯವರೆಗೆ ಎಂಬ ಗೆರೆ ಇರುವುದಿಲ್ಲ, ತವರಿಗೆ ಹೋಗಿ ನಾಲ್ಕು ದಿನ ಕೆಲಸ ಬಿಟ್ಟರೆ ಕಡಿಮೆಯಾಗುತ್ತದೆ. ಹುಳುಕಡ್ಡಿಗೆ ಉಬ್ಬಿದ ಅಂಚು ಇರುತ್ತದೆ, ನಡುವೆ ತಿಳಿಯಾಗುತ್ತಾ ಹೊರಗೆ ಬೆಳೆಯುತ್ತದೆ, ಲಂಗದ ಲಾಡಿ ಕಟ್ಟುವ ಸೊಂಟ, ತೊಡೆಸಂದು, ಎದೆಯ ಕೆಳಗೆ ಬೆವರು ನಿಲ್ಲುವ ಜಾಗ ಅದಕ್ಕೆ ಇಷ್ಟ. ಪಾದಗಳ ಜೊತೆ ಒಂದೇ ಒಂದು ಅಂಗೈ ಒಣಗಿ ಪುಡಿ ಉದುರುತ್ತಿದ್ದರೆ ಅದೂ ಶಿಲೀಂಧ್ರವಿರಬಹುದು. ಬೆರಳ ಸಂದಿಯಲ್ಲಿ ಗುಳ್ಳೆ, ರಾತ್ರಿ ಹೆಚ್ಚಾಗುವ ತುರಿಕೆ, ಮನೆಮಂದಿಗೆಲ್ಲ ಒಟ್ಟಿಗೆ ಬಂದಿದೆಯೆಂದರೆ ಕಜ್ಜಿ. ಅದಕ್ಕೆ ಮನೆಯವರೆಲ್ಲ ಒಂದೇ ದಿನ ಬೇರೆ ಮುಲಾಮು ಹಚ್ಚಿಕೊಳ್ಳಬೇಕು. ಇನ್ನು ಹಸುವಿನ ಮೊಲೆತೊಟ್ಟಿನ ಮೇಲೆ ಗುಳ್ಳೆಯೋ ಹಕ್ಕಳೆಯೋ ಇದ್ದು, ಕರೆಯುವವರ ಬೆರಳಿಗೂ ಗಂಟಿನಂಥ ಗುಳ್ಳೆ ಎದ್ದರೆ ಅದು ವೈರಸ್ಸಿನದಿರಬಹುದು. ಅದಕ್ಕೂ ಈ ಟ್ಯೂಬು ಹಚ್ಚಬೇಡಿ. ಮನೆಯಲ್ಲಿ ಕರುವಿಗೋ ಹಸುವಿಗೋ ಏನಾದರೂ ಇದ್ದರೆ ಅದನ್ನು ಮುಖ್ಯವಾಗಿ ವೈದ್ಯರಿಗೆ ಹೇಳಿ. ನಾವು ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಅನುಮಾನವಿದ್ದರೆ ಚರ್ಮದ ಪುಡಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿಲ್ಲದ, ಬೇಗ ಮುಗಿಯುವ ಪರೀಕ್ಷೆ. ಇದುವರೆಗೆ ಏನೇನು ಹಚ್ಚಿದ್ದೀರಿ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಖಾಲಿ ಟ್ಯೂಬುಗಳಿದ್ದರೆ ಚೀಲದಲ್ಲಿ ಹಾಕಿಕೊಂಡು ಹೋಗಿ.

ಟ್ಯೂಬಿನ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿರುತ್ತದೆ, ಅಸಲು ಔಷಧದ ಹೆಸರು ಕೆಳಗೆ ಇರುವೆ ಸಾಲಿನಂತೆ ಇರುತ್ತದೆ. ಓದುವ ಮಕ್ಕಳಿಂದ ಅದನ್ನು ಓದಿಸಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲುಸಿನೊಲೋನ್, ಹೈಡ್ರೊಕಾರ್ಟಿಸೋನ್ — ಇವೆಲ್ಲ ಸ್ಟಿರಾಯ್ಡುಗಳು. ಇಲ್ಲೊಂದು ಮೋಸದ ಜೋಡಿ ಇದೆ. ಕ್ಲೋಟ್ರಿಮಜೋಲ್ ಎಂಬುದು ಹುಳುಕಡ್ಡಿಯ ಔಷಧ, ಕ್ಲೋಬೆಟಸಾಲ್ ಎಂಬುದು ಅತಿ ಜೋರಿನ ಸ್ಟಿರಾಯ್ಡ್. ಎರಡೂ 'ಕ್ಲೋ' ಎಂದೇ ಶುರುವಾಗುತ್ತವೆ. ಕೆಲಸ ಮಾತ್ರ ತದ್ವಿರುದ್ಧ. ಸಾಲದ್ದಕ್ಕೆ ಸ್ಟಿರಾಯ್ಡು, ಆಂಟಿಬಯೋಟಿಕ್, ಹುಳುಕಡ್ಡಿ ಔಷಧ ಎಲ್ಲ ಸೇರಿಸಿದ ಟ್ಯೂಬುಗಳು ಅಂಗಡಿಯಲ್ಲಿ ಧಾರಾಳವಾಗಿವೆ. ಏನಿದ್ದರೂ ಒಂದಕ್ಕೆ ತಗಲುತ್ತದೆ ಎಂಬ ಲೆಕ್ಕದ ಮೇಲೆ ಕೊಡುವುದು. ಹುಳುಕಡ್ಡಿಗೆ ಇಂಥ ಕಲಸುಮೇಲೋಗರ ಹಚ್ಚಿ ಕೆಡಿಸಿಕೊಂಡವರು ಬಹಳ ಮಂದಿ. ದೇಶದ ಚರ್ಮರೋಗ ತಜ್ಞರ ಸಂಘವಾದ ಐಎಡಿವಿಎಲ್ ಇದರ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ಮಾಡಿಕೊಂಡಿದೆ.

ಕಾನೂನೂ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ ಹದಿನಾಲ್ಕು ಸ್ಟಿರಾಯ್ಡುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಹೇಳಿತು. ಡಬ್ಬಿಯ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಬೇಕೆಂದೇ ಅರ್ಥ. ಆದರೂ ಅಂಗಡಿಯಲ್ಲಿ "ತುರಿಕೆ ಟ್ಯೂಬ್ ಕೊಡಿ" ಎಂದರೆ ಎಷ್ಟು ಸಲೀಸಾಗಿ ಸಿಗುತ್ತದೆಂದು ನಿಮಗೇ ಗೊತ್ತು. ಅಂಗಡಿಯವರನ್ನು ಬೈದು ಫಲವಿಲ್ಲ, ಕೇಳುವವರು ನಾವೇ ತಾನೆ.

ಇನ್ನು ಜೋರಿನ ಮಾತು. ಹೈಡ್ರೊಕಾರ್ಟಿಸೋನ್ ಟ್ಯೂಬಿನ ಮೇಲೆ 1% ಎಂದಿರುತ್ತದೆ, ಕ್ಲೋಬೆಟಸಾಲ್ ಮೇಲೆ 0.05% ಎಂದಿರುತ್ತದೆ. ಅಂಕಿ ನೋಡಿ ಎರಡನೆಯದು ಮೆದುವೆಂದು ತಿಳಿಯುವವರಿದ್ದಾರೆ. ವಿಷಯ ಉಲ್ಟಾ. ಹೈಡ್ರೊಕಾರ್ಟಿಸೋನ್ ಎಲ್ಲಕ್ಕಿಂತ ಮೆದು, ಬೀಟಾಮೆಥಾಸೋನ್ ವ್ಯಾಲರೇಟ್ ಮತ್ತು ಮೊಮೆಟಾಸೋನ್ ಜೋರು, ಕ್ಲೋಬೆಟಸಾಲ್ ಎಲ್ಲಕ್ಕಿಂತ ಜೋರು. ಮೆಣಸಿನಕಾಯಿಯಂತೆ, ಖಾರ ಇರುವುದು ಜಾತಿಯಲ್ಲಿ, ತೂಕದಲ್ಲಲ್ಲ.

ಔಷಧ ಒಂದೇ ಆದರೂ ಮೈಯ ಎಲ್ಲ ಕಡೆ ಒಂದೇ ಸಮ ಇಳಿಯುವುದಿಲ್ಲ. ಮುಂಗೈಯ ಒಳಭಾಗದ ಚರ್ಮ ಹೀರುವುದನ್ನು ಒಂದು ಪಾಲು ಎಂದಿಟ್ಟುಕೊಂಡರೆ ಅಂಗೈ ಅದಕ್ಕಿಂತ ಸ್ವಲ್ಪ ಕಡಿಮೆ ಹೀರುತ್ತದೆ, ಅಂಗಾಲು ಏಳರಲ್ಲಿ ಒಂದು ಪಾಲು, ಹಣೆ 6 ಪಾಲು, ದವಡೆಯ ಮೂಲೆ 13 ಪಾಲು, ಗಂಡಸರ ಬೀಜದ ಚೀಲ 42 ಪಾಲು. ಹೈಡ್ರೊಕಾರ್ಟಿಸೋನ್ ಹಚ್ಚಿ 1967ರಲ್ಲಿ ಅಳೆದು ಪ್ರಕಟಿಸಿದ ಲೆಕ್ಕ ಇದು. ಕೆಲಸ ಮಾಡಿ ದಪ್ಪಗಾದ ನಮ್ಮ ಅಂಗೈಗೆ ಜೋರಿನ ಟ್ಯೂಬೇ ಬೇಕಾಗುತ್ತದೆ, ವೈದ್ಯರು ಅದನ್ನೇ ಬರೆಯುತ್ತಾರೆ. ಅದೇ ಟ್ಯೂಬು ಮಗಳ ಕೆನ್ನೆಗೆ ಹೋದರೆ ಏನಾಗುತ್ತದೆ ಯೋಚಿಸಿ. ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಬಣ್ಣ ಬಿಳಿಚುತ್ತದೆ, ಕೆಲವರಿಗೆ ಕೂದಲು ಹುಟ್ಟುತ್ತದೆ. ಕಂಕುಳು, ತೊಡೆಸಂದಿಯಲ್ಲಿ ಹೆರಿಗೆಯಾದ ಹೊಟ್ಟೆ ಮೇಲಿನಂಥ ಗೆರೆಗಳು ಬೀಳುತ್ತವೆ, ಅವು ಮತ್ತೆ ಹೋಗುವುದಿಲ್ಲ. ಕಣ್ಣಿನ ರೆಪ್ಪೆ ಮೇಲೆ ಬಹುಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು.

ಮುಖದ ವಿಷಯಕ್ಕೆ ಬಂದರೆ ಬಂಗಿನ ಬಗ್ಗೆ ಹೇಳದೆ ಇರಲಾರೆ. ಬಿಸಿಲಲ್ಲಿ ಮೇವು ಕೊಯ್ಯುವ ನಮ್ಮಲ್ಲಿ ಬಂಗು ಸಾಮಾನ್ಯ. ಬಂಗಿಗೆ ಬರೆಯುವ ಕೆಲವು ಕ್ರೀಮುಗಳಲ್ಲಿ ಸ್ಟಿರಾಯ್ಡ್ ಸೇರಿರುತ್ತದೆ, ವೈದ್ಯರು ಕೆಲವು ವಾರಕ್ಕೆ ಎಂದು ಹೇಳಿ ಕೊಟ್ಟಿರುತ್ತಾರೆ. ಮುಖ ಬೆಳ್ಳಗಾಯಿತೆಂದು ನಾದಿನಿ, ಓರಗಿತ್ತಿ, ಪಕ್ಕದ ಮನೆಯವರು ಎಲ್ಲ ತರಿಸಿಕೊಂಡು ವರ್ಷಗಟ್ಟಲೆ ಪೌಡರಿನಂತೆ ಹಚ್ಚುತ್ತಾರೆ. ಬಿಟ್ಟರೆ ಮುಖ ಕೆಂಪಗಾಗಿ ಬೆಂಕಿಯಂತೆ ಉರಿಯುತ್ತದೆ, ಉರಿ ತಾಳದೆ ಮತ್ತೆ ಹಚ್ಚುತ್ತಾರೆ. ಈ ಬಲೆಗೆ ಈಗಾಗಲೇ ಬಿದ್ದಿದ್ದರೆ ನೀವಾಗಿಯೇ ಏನೂ ಮಾಡಲು ಹೋಗದೆ ಚರ್ಮವೈದ್ಯರಲ್ಲಿಗೆ ಹೋಗಿ. ಮೆಲ್ಲಗೆ ಬಿಡಿಸುವ ದಾರಿ ಅವರಿಗೆ ಗೊತ್ತಿದೆ.

ಇಷ್ಟು ಓದಿ ಕೆಲವರು ಕೈಗೆ ಬರೆದುಕೊಟ್ಟ ಟ್ಯೂಬನ್ನೂ ತಿಪ್ಪೆಗೆ ಎಸೆದಾರೆಂಬ ಭಯ ನನಗಿದೆ. ಅದೂ ತಪ್ಪು. "ಸ್ಟಿರಾಯ್ಡಂತೆ, ಕಿಡ್ನಿ ಹೋಗುತ್ತಂತೆ" ಎಂದು ಎರಡೇ ದಿನಕ್ಕೆ ನಿಲ್ಲಿಸಿ, ಒಡೆದ ಕೈಯಲ್ಲೇ ವರ್ಷವಿಡೀ ನರಳುವವರನ್ನು ನೋಡಿದ್ದೇನೆ. ಅಂಗೈಗೆ ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಕಿಡ್ನಿಗೆ ಏನೂ ಆಗುವುದಿಲ್ಲ. ಒಡೆದ ಕೈ ಹಾಗೇ ಬಿಟ್ಟರೆ ಆಗುವ ನಷ್ಟ ನಮಗೂ ಹೌದು, ಹಸುವಿಗೂ ಹೌದು. ಬಿರುಕಿನಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ಮನೆ ಮಾಡುತ್ತದೆ. ಕೆಚ್ಚಲು ಬಾವು ತರುವ ಮುಖ್ಯ ರೋಗಾಣುಗಳಲ್ಲಿ ಅದೂ ಒಂದು, ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುವುದು ಕರೆಯುವ ಕೈಯಿಂದಲೇ.

ಎಷ್ಟು ಹಚ್ಚಬೇಕು? ತೋರುಬೆರಳಿನ ತುದಿಯಿಂದ ಮೊದಲನೇ ಗೆಣ್ಣಿನ ಗೆರೆಯವರೆಗೆ ಒಂದು ಗೀಟು ಹಿಂಡಿ. ಅದು ಸುಮಾರು ಅರ್ಧ ಗ್ರಾಂ, ಹೆಂಗಸರ ಬೆರಳಾದರೆ ತುಸು ಕಡಿಮೆ. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಒಂದು ಕೈಯ ಹಿಂದೆ ಮುಂದೆ ಸೇರಿ ಒಂದು ಗೀಟು, ಎರಡು ಕೈಗೆ ಎರಡು ಗೀಟು. ದಿನಕ್ಕೊಮ್ಮೆ ಹಚ್ಚಿದರೆ 15 ಗ್ರಾಂ ಟ್ಯೂಬು ಎರಡು ವಾರಕ್ಕಿಂತ ತುಸು ಹೆಚ್ಚು ಬರುತ್ತದೆ. ಮೂರು ದಿನಕ್ಕೇ ಮುಗಿದರೆ ಹೆಚ್ಚಾಯಿತು, ಆರು ತಿಂಗಳು ಬಂದರೆ ಹಚ್ಚಿದ್ದು ಸಾಲಲಿಲ್ಲ, ಇಲ್ಲವೇ ಮಧ್ಯೆ ಮಧ್ಯೆ ಬಿಟ್ಟು ಹಚ್ಚಿದ್ದೀರಿ. ಒಣಗಿ ಒಡೆದ ಕೈಗೆ ಜಿಡ್ಡಿನ ಮುಲಾಮು, ನೀರು ಒಸರುವ ಜಾಗಕ್ಕೆ ಕ್ರೀಮು ಒಪ್ಪುತ್ತದೆ, ಬರೆಸುವಾಗಲೇ ಕೇಳಿಕೊಳ್ಳಿ.

ಜೋರಿನ ಟ್ಯೂಬನ್ನು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ಬರೆಯುತ್ತಾರೆ, ಕ್ಲೋಬೆಟಸಾಲ್ ಆದರೆ ಎರಡು ವಾರದೊಳಗೇ ಮತ್ತೆ ತೋರಿಸಬೇಕು. ಮತ್ತೆ ಮತ್ತೆ ಬರುವ ಇಸುಬಾದರೆ ವಾಸಿಯಾದ ಮೇಲೂ ವಾರಕ್ಕೆ ಎರಡು ದಿನ ಹಚ್ಚಲು ವೈದ್ಯರು ಹೇಳಬಹುದು. ಆಗ ಅವರು ಹೇಳಿದಂತೆ ನಡೆಯಿರಿ. ಹಚ್ಚಿದ ಮೇಲೆ ಪ್ಲಾಸ್ಟಿಕ್ ಕವರು ಕಟ್ಟಬೇಡಿ, ಒಳಗೆ ಇಳಿಯುವುದು ಬಹುಪಾಲು ಹೆಚ್ಚುತ್ತದೆ. ಮಗುವಿನ ಲಂಗೋಟಿ ಜಾಗಕ್ಕೆ ದೊಡ್ಡವರ ಟ್ಯೂಬು ಹಚ್ಚಬಾರದೆನ್ನುವುದಕ್ಕೂ ಇದೇ ಕಾರಣ. ಮೊಲೆಯೂಡುವ ತಾಯಿ ಎದೆಯ ಮೇಲೆ ಹಚ್ಚಿದ್ದರೆ ಹಾಲು ಕೊಡುವ ಮುಂಚೆ ತೊಳೆದುಕೊಳ್ಳಬೇಕು.

ನಮ್ಮ ಕೆಲಸಕ್ಕೆ ಹೊಂದುವ ಹೊತ್ತೆಂದರೆ ರಾತ್ರಿ. ಸಂಜೆ ಹಾಲು ಹಾಕಿ ಬಂದು, ಪಾತ್ರೆ ಮುಗಿಸಿ, ಕೈ ಒರೆಸಿಕೊಂಡು ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ. ಅರ್ಧ ಗಂಟೆ ಬಿಟ್ಟು ಔಷಧ. ಎರಡನ್ನೂ ಅಂಗೈಯಲ್ಲಿ ಕಲಸಿ ಹಚ್ಚಬೇಡಿ. ಬೆಳಿಗ್ಗೆ ಕರೆಯುವ ಮೊದಲು ಸೋಪಿನಲ್ಲಿ ಕೈ ತೊಳೆದು ಒರೆಸಿ, ಔಷಧದ ಕೈ ಕೆಚ್ಚಲಿಗೆ ತಾಗದಿರಲಿ. ಎಣ್ಣೆ ಮಾತ್ರ ಹಗಲಲ್ಲೂ ನಾಲ್ಕಾರು ಸಲ ಇರಲಿ. ಟ್ಯೂಬು ವಾಸಿ ಮಾಡಿದ ಕೈಯನ್ನು ವಾಷಿಂಗ್ ಸೋಡಾ ಮತ್ತೆ ಒಡೆಯುತ್ತದೆ, ಆದ್ದರಿಂದ ಕ್ಯಾನು ತೊಳೆಯುವಾಗ, ಮೊಲೆತೊಟ್ಟಿನ ಅಯೋಡಿನ್ ಬೆರೆಸುವಾಗ ಕೈಗವಸು ಹಾಕಿ, ಒಳಗೆ ತೆಳು ಹತ್ತಿಯದೊಂದು ಇದ್ದರೆ ಬೆವರು ಹೀರುತ್ತದೆ. ತಿಪ್ಪೆ ಸುತ್ತಲಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕಿತ್ತು ಹಾಕಿ. ಕತ್ತು, ರೆಪ್ಪೆ, ಮೊಣಕೈ ಮಡಿಕೆಯಲ್ಲಿ ಬರುವ ಎಷ್ಟೋ ತುರಿಕೆಗೆ ಅದರ ದೂಳೇ ಮೂಲ. ಹಸು ತಿಂದರೆ ಹಾಲೂ ಕಹಿ.

ಇನ್ನೊಂದು ಮಾತು, ಹೇಳಲು ಸಂಕೋಚವಾದರೂ ಹೇಳುತ್ತೇನೆ. ಕೆಚ್ಚಲು ಬಾವಿಗೆ ತೊಟ್ಟಿನೊಳಗೆ ಏರಿಸುವ ಟ್ಯೂಬಿನಲ್ಲಿ ಉಳಿದದ್ದನ್ನು ಕೈಯ ಗಾಯಕ್ಕೆ ಸವರಿಕೊಳ್ಳುವ ರೂಢಿ ಕೆಲವರಲ್ಲಿದೆ. ಅವುಗಳಲ್ಲಿ ಆಂಟಿಬಯೋಟಿಕ್ ಇರುತ್ತದೆ, ಕೆಲವದರಲ್ಲಿ ಸ್ಟಿರಾಯ್ಡೂ ಇರುತ್ತದೆ. ಹಸುವಿನದು ಹಸುವಿಗೇ ಇರಲಿ.

ಆ ಸದಸ್ಯೆ ಜಿಲ್ಲಾಸ್ಪತ್ರೆಯ ಚರ್ಮವಿಭಾಗಕ್ಕೆ ಹೋದರು. ಸ್ಟಿರಾಯ್ಡ್ ನಿಲ್ಲಿಸಿ ಹುಳುಕಡ್ಡಿಯ ಮಾತ್ರೆ, ಮುಲಾಮು ಕೊಟ್ಟರು. ಮೊದಲ ಹತ್ತು ದಿನ ತುರಿಕೆ ಮುಂಚಿಗಿಂತ ಹೆಚ್ಚಾಯಿತಂತೆ, ಕಟ್ಟಿಹಾಕಿದ್ದ ನಾಯಿ ಬಿಚ್ಚಿಕೊಂಡಿತಲ್ಲ. ಹೀಗಾಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರಿಂದ ತಡೆದುಕೊಂಡರು. ಮುಲಾಮನ್ನು ಮಚ್ಚೆಯ ಅಂಚಿನಾಚೆ ಎರಡು ಬೆರಳು ಅಗಲ ಹಚ್ಚಿ, ಮಾಯವಾದಂತೆ ಕಂಡ ಮೇಲೂ ಹೇಳಿದಷ್ಟು ವಾರ ಬಿಡಲಿಲ್ಲ. ಟವೆಲು ಬೇರೆ ಮಾಡಿದರು, ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರು. ಕರುವನ್ನು ಪಶುವೈದ್ಯರಿಗೆ ತೋರಿಸಿ ಬೇರೆ ಕಟ್ಟಿ, ಕಂಬ, ಗೋದಲಿ, ಹಗ್ಗ ಎಲ್ಲ ತೊಳೆದರು. ಆ ಬೂಷ್ಟಿನ ಬೀಜ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ತೋಳು ವಾಸಿಯಾಗಲು ಮೂರು ತಿಂಗಳು ಹಿಡಿಯಿತು. ಮಗಳ ಕೆನ್ನೆಯ ಉಂಗುರ ಬೇಗ ಹೋಯಿತು, ಅಲ್ಲಿ ಉಳಿದ ಬಿಳಿಚು ಮಚ್ಚೆ ಈಗೀಗ ಚರ್ಮದ ಬಣ್ಣಕ್ಕೆ ತಿರುಗುತ್ತಿದೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಚಳಿಗೆ ಅಂಗೈ ಮತ್ತೆ ಒಡೆದು, ಆಸ್ಪತ್ರೆಯಲ್ಲಿ ಹೊಸದಾಗಿ ಟ್ಯೂಬು ಬರೆದುಕೊಟ್ಟಿದ್ದಾರೆ. ಡಬ್ಬಿಯ ಮೇಲೆ ಮಗಳು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದಾಳೆ: "ಅಮ್ಮನ ಅಂಗೈಗೆ ಮಾತ್ರ. ರಾತ್ರಿ. 14 ದಿನ." ಕೆಳಗೆ ಹದಿನಾಲ್ಕು ಚುಕ್ಕಿ, ಒಂಬತ್ತಕ್ಕೆ ಗುರುತು ಬಿದ್ದಿತ್ತು.